ಬರುವ ನೀರಿಗೆ ಲೆಕ್ಕವಿದೆ, ಹೋಗುವ ನೀರಿಗೆ?

ಮಾನ್ಯ ಸಣ್ಣ ನೀರಾವರಿ ಸಚಿವರಿಗೆ,
ಕೋಲಾರದ ಜಿಲ್ಲಾಧಿಕಾರಿಗಳಿಗೆ,
ಮತ್ತು ಜಿಲ್ಲೆಯಲ್ಲಿ ಬೋರು ಇಟ್ಟುಕೊಂಡಿರುವ ನನ್ನಂಥ ಎಲ್ಲ ರೈತರಿಗೆ.

ಮಾನ್ಯರೇ,

ನಮ್ಮ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ನಮ್ಮನ್ನು ಹಾದು ಹೋಗುವ ಪಾಲಾರ್ ಕೂಡ ಮಳೆ ಸುರಿದಾಗ ಮಾತ್ರ ನದಿ, ಉಳಿದ ದಿನ ಮರಳು. ಹಾಗಾಗಿ ಇಲ್ಲಿನ ರಾಜಕಾರಣವೆಲ್ಲ ಬೇರೆ ಕಡೆಯಿಂದ ನೀರು ತರುವ ಮಾತಿನ ಸುತ್ತಲೇ ತಿರುಗುತ್ತ ಬಂದಿದೆ. ನೀರಾವರಿ ತಜ್ಞ ಪರಮಶಿವಯ್ಯನವರ ವರದಿ ಜಾರಿಯಾಗಲಿ ಎಂದು ಕೂಗಿದೆವು. 2016ರ ಮಾರ್ಚ್‌ನಲ್ಲಿ ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿಗೆ ಹೊರಟೆವು, ಲಾಠಿ ಏಟೂ ಬಿತ್ತು. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು, ಬಂತು. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ, ಪಶ್ಚಿಮ ಘಟ್ಟದ ನೀರನ್ನು ನಮ್ಮ ಸೀಮೆಗೆ ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ ಗುಂಡಿ ಒತ್ತಿದ್ದೂ ಆಯಿತು. 2012ರಲ್ಲಿ 8,323 ಕೋಟಿ ರೂಪಾಯಿಯ ಅಂದಾಜಿದ್ದ ಆ ಯೋಜನೆ 23,251 ಕೋಟಿಗೆ ಏರಿದೆ.

ಇನ್ನೊಂದು ಯೋಜನೆ ಕೇಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ತರುವ ನೀರಿನ ಬಗ್ಗೆ ತಮ್ಮ ಇಲಾಖೆಯ ಹತ್ತಿರ ನಕ್ಷೆಯಿದೆ, ಟೆಂಡರಿದೆ, ಪೈಪಿನ ಅಳತೆಯಿದೆ. ನಾವು ದಿನವೂ ಭೂಮಿಯೊಳಗಿಂದ ಎತ್ತಿ ಖಾಲಿ ಮಾಡುತ್ತಿರುವ ನೀರಿನ ಲೆಕ್ಕ ಮಾತ್ರ ಯಾವ ಪಂಚಾಯಿತಿಯ ಗೋಡೆಯ ಮೇಲೂ ಕಾಣುವುದಿಲ್ಲ. ಆ ಲೆಕ್ಕ ಊರಿನ ಮುಂದೆ ಬರಬೇಕು. ನನ್ನ ಬೇಡಿಕೆ ಇಷ್ಟೇ. ಚಿಕ್ಕದಾಗಿ ಕಾಣುತ್ತದೆ, ಆದರೆ ಸರ್ಕಾರಕ್ಕೂ ರೈತರಿಗೂ ಇದು ಎತ್ತಿನಹೊಳೆಗಿಂತ ಕಷ್ಟದ ಕೆಲಸ ಎಂಬುದು ನನಗೆ ಗೊತ್ತು.

ಕೆ.ಸಿ. ವ್ಯಾಲಿಯಿಂದ ಲಾಭವಾಗಿದೆ, ಇಲ್ಲ ಎನ್ನಲಾರೆ. ನರಸಾಪುರದ ಸುತ್ತಮುತ್ತ, ಲಕ್ಷ್ಮೀಸಾಗರದ ಆಚೀಚೆ ಬತ್ತಿಹೋಗಿದ್ದ ಬೋರುಗಳಲ್ಲಿ ಮತ್ತೆ ನೀರು ಕಂಡಿತು. ಶುರುವಿನಲ್ಲೇ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಎದ್ದು, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟು ಎರಡನ್ನೂ ಹತ್ತಿ ಇಳಿದು, 2019ರಲ್ಲಿ ನೀರು ಮತ್ತೆ ಹರಿಯಿತು. ಎರಡು ಹಂತದಲ್ಲಿ ಸಂಸ್ಕರಿಸಿದ ನೀರು ಸಾಲದು, ಮೂರನೇ ಹಂತವೂ ಬೇಕು ಎಂದು ಇಲ್ಲಿನವರು ಕೇಳುತ್ತಲೇ ಇದ್ದಾರೆ. ನಾನೂ ಆ ದನಿಯಲ್ಲಿ ಒಬ್ಬ. ಕೆರೆಗೆ ಬಿಟ್ಟ ನೀರು ನಮ್ಮ ಕುಡಿಯುವ ಬೋರಿಗೇ ಇಳಿಯುತ್ತದೆ. ಹಾಗಿರುವಾಗ ಪರೀಕ್ಷೆಯ ಫಲಿತಾಂಶ ಪ್ರತಿ ತಿಂಗಳೂ ಕನ್ನಡದಲ್ಲಿ ಕೆರೆ ಏರಿಯ ಮೇಲಿನ ಬೋರ್ಡಿನಲ್ಲಿ ಇರಬೇಕಾದದ್ದು ನ್ಯಾಯ.

ಆದರೆ ಆ ಯೋಜನೆಯ ಗಾತ್ರವನ್ನು ಒಮ್ಮೆ ಬೇರೆ ರೀತಿಯಲ್ಲಿ ನೋಡೋಣ. ದಿನಕ್ಕೆ 440 ದಶಲಕ್ಷ ಲೀಟರ್, ಅಂದರೆ 44 ಕೋಟಿ ಲೀಟರ್, ಅದರ ಗುರಿ. ಒಂದು ದಿನವೂ ತಪ್ಪದೆ ಪೂರ್ತಿ ಬಂದರೂ ವರ್ಷಕ್ಕೆ ಐದೂಮುಕ್ಕಾಲು ಟಿಎಂಸಿ (ನೂರು ಕೋಟಿ ಘನ ಅಡಿಗೆ ಒಂದು ಟಿಎಂಸಿ) ಮುಟ್ಟುವುದಿಲ್ಲ. ಎತ್ತಿನಹೊಳೆಯಿಂದ ಸಿಗುತ್ತದೆ ಎಂದಿರುವುದು ಸುಮಾರು 24 ಟಿಎಂಸಿ. ಅದರಲ್ಲೂ ಹಾಸನದಿಂದ ಹಿಡಿದು ತುಮಕೂರು, ಚಿಕ್ಕಬಳ್ಳಾಪುರದವರೆಗೆ ಎಲ್ಲರ ಪಾಲು ಕಳೆದು ಕಟ್ಟಕಡೆಯಲ್ಲಿ ಕೈಚಾಚಿ ನಿಂತವರು ನಾವು. ಈಗ ಆಕಾಶದ ಲೆಕ್ಕ ಹಾಕಿ. ಜಿಲ್ಲೆಯ ವಿಸ್ತೀರ್ಣ ಸುಮಾರು ನಾಲ್ಕು ಸಾವಿರ ಚದರ ಕಿಲೋಮೀಟರ್. ವರ್ಷಕ್ಕೆ 700 ಮಿಲಿಮೀಟರ್ ಮಳೆ ಎಂದು ಹಿಡಿದರೂ ನಮ್ಮ ತಲೆಯ ಮೇಲೆ ಬೀಳುವ ನೀರು ಹೆಚ್ಚುಕಡಿಮೆ 99 ಟಿಎಂಸಿ. ಅದರ ಬಹುಪಾಲು ಬಿಸಿಲಿಗೆ, ಗಿಡಮರಗಳಿಗೆ, ಬೆಳೆಗೆ ಹೋಗುತ್ತದೆ, ಅಷ್ಟನ್ನೂ ಹಿಡಿದಿಡುತ್ತೇವೆ ಎನ್ನುವುದು ಹುಚ್ಚು. ಆದರೂ ಅದರಲ್ಲಿ ನೂರಕ್ಕೆ ಇನ್ನೊಂದು ಐದಾರು ಪಾಲು ಕೆರೆಗೆ ಸೇರಿದರೆ ಅದೇ ಒಂದು ಕೆ.ಸಿ. ವ್ಯಾಲಿ. ಪಂಪ್‌ಹೌಸೂ ಬೇಡ, ಕೋರ್ಟೂ ಬೇಡ.

ನಮ್ಮ ಹಿರಿಯರು ಮಾಡಿದ್ದು ಇದನ್ನೇ. ಅವಿಭಜಿತ ಕೋಲಾರದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಇಂಥ ಸಾಲಿನಲ್ಲಿ ಒಂದೇ ಒಂದು ಕಾಲುವೆ ಮುಚ್ಚಿದರೂ ಕೆಳಗಿನ ಊರುಗಳೆಲ್ಲ ಒಣಗುತ್ತವೆ. ಕೆರೆ ಹೂಳೆತ್ತುವುದಕ್ಕೆ ಹಣ ಬರುತ್ತದೆ. 2002ರಿಂದ ಸುಮಾರು ಹತ್ತು ವರ್ಷ ವಿಶ್ವಬ್ಯಾಂಕಿನ ನೆರವಿನ ಯೋಜನೆ ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ನಡೆಯಿತು, ಆಮೇಲೂ ಬೇರೆ ಬೇರೆ ಹೆಸರಿನಲ್ಲಿ ಕೆಲಸಗಳು ನಡೆದಿವೆ. ಜೆಸಿಬಿ ಕೆರೆಯಂಗಳಕ್ಕೆ ಇಳಿಯುತ್ತದೆ, ಮಣ್ಣು ಹೊರಬೀಳುತ್ತದೆ, ಫೋಟೋ ಆಗುತ್ತದೆ. ಕೆರೆಗೆ ನೀರು ತರುವ ರಾಜಕಾಲುವೆಯ ಕಡೆ ಆ ಜೆಸಿಬಿ ಮುಖ ಮಾಡುವುದು ಕಡಿಮೆ, ಯಾಕೆಂದರೆ ಅಲ್ಲಿ ಯಾರದೋ ಟೊಮೆಟೊ ತೋಟ ಇರುತ್ತದೆ, ಯಾರದೋ ಲೇಔಟ್ ಇರುತ್ತದೆ, ಆ ಯಾರೋ ಪಂಚಾಯಿತಿಯಲ್ಲಿ ಬೇಕಾದವರಾಗಿರುತ್ತಾರೆ. ಕಾಲುವೆ ಇಲ್ಲದ ಕೆರೆಯ ಹೂಳೆತ್ತಿದರೆ ಸಿಗುವುದು ಆಳವಾದ ಒಣ ಗುಂಡಿ. ಜಿಲ್ಲಾಧಿಕಾರಿಗಳೇ, ಗ್ರಾಮ ನಕ್ಷೆಯಲ್ಲಿ ರಾಜಕಾಲುವೆಯ ಗೆರೆ ಇನ್ನೂ ಇದೆ. ಹೊಸದಾಗಿ ಒಂದು ಕೆರೆ ತುಂಬಿಸುವ ಮೊದಲು ಹಳೆಯ ಹತ್ತು ಕಾಲುವೆಗಳನ್ನು ಅಳೆಸಿ ಗಡಿಕಲ್ಲು ಹಾಕಿಸಿ. ಒತ್ತುವರಿ ತೆರವಿಗೆ ಪೊಲೀಸರು ಬೇಕಾಗುತ್ತದೆ ಎಂದು ತಹಶೀಲ್ದಾರರು ಹೇಳುತ್ತಾರೆ. ಕಳಿಸಿ.

2021ರ ನವೆಂಬರ್‌ನಲ್ಲಿ ಮಳೆ ಸುರಿದ ಬಗೆ ನೆನಪಿರಬಹುದು. ಎಷ್ಟೋ ವರ್ಷ ನೀರು ಕಾಣದ ಕೆರೆಗಳು ಕೋಡಿ ಹೋದವು, ಬೇತಮಂಗಲದ ಕೆರೆ ತುಂಬಿ ಪಾಲಾರ್ ತಮಿಳುನಾಡಿನ ಕಡೆ ಹರಿಯಿತು. ರಾಗಿ ಕಟಾವಿಗೆ ಬಂದಿದ್ದವರು ಅತ್ತರು, ಅದೂ ನಿಜ. ಆದರೆ ಊರೂರಿನಲ್ಲಿ ಗಂಗಮ್ಮನ ಪೂಜೆಯೂ ನಡೆಯಿತು. ಮುಂದಿನ ವರ್ಷವೂ ಮಳೆ ಚೆನ್ನಾಗಿತ್ತು. ಬತ್ತಿದ ಬೋರುಗಳಲ್ಲಿ ನೀರು ಮೇಲೆ ಬಂತು. ಆಗ ಮಾಡಿದ್ದೇನು? ಮೋಟರ್ ಮೇಲಕ್ಕೆತ್ತಿ ಕಟ್ಟಿಕೊಂಡೆವು, ಬೀಳು ಬಿಟ್ಟ ಹೊಲವನ್ನೂ ಉಳುಮೆ ಮಾಡಿ ಟೊಮೆಟೊ ಹಾಕಿದೆವು, ಹೊಸ ಬೋರನ್ನೂ ಕೊರೆಸಿದೆವು.

ಇಲ್ಲಿಂದ ಮುಂದೆ ನಾನು ರೈತ ಅಣ್ಣತಮ್ಮಂದಿರ ಜೊತೆ ಮಾತಾಡುತ್ತೇನೆ, ಸಚಿವರು ಕೇಳಿಸಿಕೊಳ್ಳಲಿ.

ಅಣ್ಣಂದಿರೇ, ಒಂದು ಲೆಕ್ಕ ಹಾಕೋಣ, ಪೇಪರ್ ಪೆನ್ನು ತೆಗೆದುಕೊಳ್ಳಿ. ಒಂದು ಎಕರೆ ಮೇಲೆ 700 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 28 ಲಕ್ಷ ಲೀಟರ್. ನಮ್ಮದು ಕಲ್ಲುಬಂಡೆಯ ಸೀಮೆ. ಇಂಥ ಕಡೆ ಮಳೆಯ ಹತ್ತರಲ್ಲಿ ಒಂದು ಪಾಲು ಅಂತರ್ಜಲಕ್ಕೆ ಇಳಿದರೆ ಅದೇ ದೊಡ್ಡದು. ಅಂದರೆ ಎಕರೆಗೆ ವರ್ಷಕ್ಕೆ 2 ಲಕ್ಷ 80 ಸಾವಿರ ಲೀಟರ್. ಈಗ ಗಂಟೆಗೆ ಹತ್ತು ಸಾವಿರ ಲೀಟರ್ ಎತ್ತುವ ಒಂದು ಬೋರು ಎಂದುಕೊಳ್ಳಿ. ಮೂರು ಫೇಸ್ ಕರೆಂಟು ಏಳು ಗಂಟೆ ಕೊಟ್ಟರೆ ದಿನಕ್ಕೆ 70 ಸಾವಿರ ಲೀಟರ್. ಎಕರೆಗೆ ವರ್ಷವಿಡೀ ಇಂಗಿದ ನೀರು ನಾಲ್ಕು ದಿನಕ್ಕೆ ಮುಗಿಯಿತು. ಆ ಬೋರು ವರ್ಷಕ್ಕೆ ಇನ್ನೂರು ದಿನ ಓಡಬೇಕಾದರೆ ಅದರ ಹಿಂದೆ ಐವತ್ತು ಎಕರೆಯ ಇಂಗಿದ ನೀರು ಬೇಕು. ಹೊಲಕ್ಕೆ ಬಿಟ್ಟ ನೀರಿನಲ್ಲಿ ಒಂದಿಷ್ಟು ಮತ್ತೆ ಇಂಗುತ್ತದೆ, ಕೆರೆ ಕುಂಟೆಗಳಿಂದಲೂ ಇಂಗುತ್ತದೆ, ಸೇರಿಸಿಕೊಳ್ಳಿ. ಸೇರಿಸಿದ ಮೇಲೆ ನಿಮ್ಮೂರಿನ ಐವತ್ತು ಎಕರೆಗೆ ಎಷ್ಟು ಬೋರು ಇವೆ ಎಂದು ಬೆರಳು ಮಡಚಿ ಎಣಿಸಿ.

ಮಿಕ್ಕ ನೀರು ಎಲ್ಲಿಂದ ಬರುತ್ತಿದೆ? ಸಾವಿರದ ಇನ್ನೂರು, ಸಾವಿರದ ಐನೂರು ಅಡಿಯ ಬಂಡೆ ಸೀಳುಗಳಿಂದ. ಹಿಂದೆ ನಮ್ಮ ಮನೆಗಳಲ್ಲಿ ಹಗೇವು ಇರುತ್ತಿತ್ತು. ಒಳ್ಳೆಯ ವರ್ಷದ ರಾಗಿಯನ್ನು ಅದರಲ್ಲಿ ತುಂಬಿ ಬಾಯಿ ಮುಚ್ಚಿದರೆ, ತೆಗೆಯುತ್ತಿದ್ದದ್ದು ಬರ ಬಂದಾಗ. ಆಳದ ನೀರು ಭೂಮಿಯ ಹಗೇವು. ಅದನ್ನು ನಾವು ಸುಗ್ಗಿಯ ಕಾಲದಲ್ಲೂ ತೆಗೆದು ತಿನ್ನುತ್ತಿದ್ದೇವೆ, ಅದರಲ್ಲೂ ಮಾರುವುದಕ್ಕೆ ತೆಗೆಯುತ್ತಿದ್ದೇವೆ. ಕೋಲಾರದ ಎಪಿಎಂಸಿಯಿಂದ ಟೊಮೆಟೊ ಬಾಕ್ಸು ಹೊತ್ತು ಹೊರಡುವ ಒಂದೊಂದು ಲಾರಿಯೂ ನಮ್ಮ ನೀರನ್ನು ಬೇರೆ ರಾಜ್ಯಕ್ಕೆ ಒಯ್ಯುತ್ತದೆ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದಾಗ ಆ ನೀರಿಗೆ ಬೆಲೆ ಸಿಕ್ಕಿತು ಎನ್ನೋಣ. ಬೆಲೆ ಬಿದ್ದಾಗ ರಸ್ತೆ ಬದಿಗೆ ಸುರಿದು ಬರುತ್ತೇವಲ್ಲ, ಆಗ ಸುರಿದದ್ದು ಏನು?

ಟೊಮೆಟೊ ಬಿಡಿ ಎಂದು ಹೇಳುವಷ್ಟು ದೊಡ್ಡವನು ನಾನಲ್ಲ. ಮಗಳ ಮದುವೆ, ಮಗನ ಕಾಲೇಜು ಫೀಸು ರಾಗಿಯಿಂದ ನಡೆಯುವುದಿಲ್ಲ ಎಂಬುದು ಸಚಿವರಿಗೆ ಗೊತ್ತಿಲ್ಲದಿದ್ದರೂ ನಮಗೆ ಗೊತ್ತು. ಹಾಲಿನ ಡೇರಿಗೆ ಹಾಕುವ ಹಸುವಿಗೂ ಹಸಿ ಮೇವು ಬೇಕು, ಅದಕ್ಕೂ ನೀರು ಬೇಕು. ಆದರೆ ಡ್ರಿಪ್ ಹಾಕಿದ್ದೇನೆ, ಆದ್ದರಿಂದ ನೀರು ಉಳಿಸಿದ್ದೇನೆ ಎಂದು ನಮಗೆ ನಾವೇ ಹೇಳಿಕೊಳ್ಳುವುದನ್ನು ಬಿಡೋಣ. ಸಬ್ಸಿಡಿಯಲ್ಲಿ ಪೈಪು ಬಂತು, ಒಂದು ಎಕರೆಗೆ ಆಗುತ್ತಿದ್ದ ನೀರಿನಲ್ಲಿ ಎರಡು ಎಕರೆ ಮಾಡಿದೆವು. ಇಳುವರಿ ಹೆಚ್ಚಿತು, ಸಂತೋಷ. ಬೋರಿನಿಂದ ಎತ್ತಿದ ನೀರು ಅಷ್ಟೇ, ಅದರಲ್ಲಿ ಒಂದು ಹನಿಯೂ ಕಡಿಮೆಯಾಗಲಿಲ್ಲ. ನೀಲಗಿರಿಯ ಕಥೆಯೂ ಇಂಥದ್ದೇ. ರಾಗಿ ಹೊಲದಲ್ಲಿ ನೀಲಗಿರಿ ನೆಟ್ಟು ಕೈಕಟ್ಟಿ ಕೂತವರು ನಮ್ಮ ಜಿಲ್ಲೆಯಲ್ಲಿ ಕಡಿಮೆಯೇನಿಲ್ಲ. 2017ರಲ್ಲಿ ಸರ್ಕಾರ ಹೊಸದಾಗಿ ನೆಡಬಾರದು ಎಂದಿತು. ಕಡಿದ ಬುಡ ಮತ್ತೆ ಚಿಗುರುತ್ತದೆ, ಅದಕ್ಕೆ ಸರ್ಕಾರದ ಆದೇಶ ಓದಲು ಬರುವುದಿಲ್ಲ.

ಆಳದ ನೀರಿನ ಬೆಲೆಯನ್ನು ದೇಹವೂ ತೆರುತ್ತದೆ. ಬಂಡೆಯೊಳಗೆ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಸೇರಿರುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಬಾರದು ಎನ್ನುತ್ತಾರೆ. ಹಲ್ಲು ಕಂದು ಬಣ್ಣಕ್ಕೆ ತಿರುಗಿದ ಮಕ್ಕಳು, ಮಂಡಿ ಮಡಚಲಾಗದ ಹಿರಿಯರು ಯಾವ ಊರಿನಲ್ಲಿಲ್ಲ? ಅದಕ್ಕೆ ಪರಿಹಾರವಾಗಿ ಶುದ್ಧ ನೀರಿನ ಘಟಕ ಬಂತು, ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಂಡು ಬರುತ್ತೇವೆ. ಆ ಯಂತ್ರ ಕುಡಿಯುವ ನೀರು ಕೊಡುವಾಗಲೇ ಫ್ಲೋರೈಡ್ ಇನ್ನೂ ಹೆಚ್ಚಿರುವ ನೀರನ್ನು ಹಿಂದಿನ ಚರಂಡಿಗೆ ಬಿಡುತ್ತಿರುತ್ತದೆ. ಬೋರು ಇಲ್ಲದ, ಕ್ಯಾನಿಗೆ ದಿನಾ ದುಡ್ಡು ಹೊಂದಿಸಲಾಗದ ಮನೆಯವರು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಇಲ್ಲಿ ನೀರುಗಂಟಿಯ ಮಾತು ಹೇಳಬೇಕು. ಕೆರೆ ನೀರನ್ನು ಅಚ್ಚುಕಟ್ಟಿಗೆ ಬಿಡುತ್ತಿದ್ದವನು ಅವನು, ಎಷ್ಟೋ ಊರುಗಳಲ್ಲಿ ದಲಿತ ಮನೆತನದವನು. ಮಳೆಗಾಲ ಮುಗಿಯುವಾಗ ಕೆರೆಯಲ್ಲಿ ಎಷ್ಟು ನೀರು ನಿಂತಿದೆ ಎಂದು ನೋಡಿ, ಊರ ಹಿರಿಯರು ಕೂತು, ಈ ಸಲ ಭತ್ತ ಇಡಬಹುದೇ, ರಾಗಿ ಸಾಕೇ, ಅಚ್ಚುಕಟ್ಟಿನಲ್ಲಿ ಅರ್ಧಕ್ಕೆ ಮಾತ್ರ ನೀರೇ ಎಂದು ತೀರ್ಮಾನಿಸುತ್ತಿದ್ದರು. ಆಮೇಲೆ ತೂಬು ಎತ್ತುವುದು, ಇಳಿಸುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ, ಅಂದರೆ ತನ್ನ ಪಾಲಿನ ಧಾನ್ಯ, ತೆಗೆದುಕೊಂಡು ಹೋಗುತ್ತಿದ್ದ. ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಹಾಡುತ್ತಿಲ್ಲ. ಊರಿಗೆಲ್ಲ ನೀರು ಬಿಡುವವನಿಗೆ ಊರಿನ ಬಾವಿ ಮುಟ್ಟುವ ಹಕ್ಕಿರಲಿಲ್ಲ, ಅಚ್ಚುಕಟ್ಟಿನಲ್ಲಿ ಅವನ ಜಮೀನು ಅಂಗೈ ಅಗಲ ಇದ್ದರೆ ಹೆಚ್ಚು. ನನಗೆ ಬೇಕಾದದ್ದು ಆ ಏರ್ಪಾಡಿನ ಒಂದೇ ಗುಣ: ಇರುವ ನೀರನ್ನು ಅಳೆದ ಮೇಲೆ ಬೆಳೆ ತೀರ್ಮಾನವಾಗುತ್ತಿತ್ತು. ಬೋರು ಬಂದ ಮೇಲೆ ಅದು ತಲೆಕೆಳಗಾಯಿತು. ಬೆಳೆ ಮೊದಲು ತೀರ್ಮಾನವಾಗುತ್ತದೆ, ನೀರಿಗಾಗಿ ಆಮೇಲೆ ಕೊರೆಯುತ್ತೇವೆ. ಸಾಲ ಮಾಡುವ ತಾಕತ್ತು ಯಾರಿಗಿದೆಯೋ ಅವರ ಬೋರು ಆಳಕ್ಕೆ ಹೋಗುತ್ತದೆ, ಪಕ್ಕದವನದು ಬತ್ತುತ್ತದೆ.

ಈಗ ಮತ್ತೆ ತಮ್ಮ ಕಡೆ ತಿರುಗುತ್ತೇನೆ, ಮಾನ್ಯರೇ. ಇದನ್ನು ತಡೆಯುವ ಕಾನೂನು 2011ರಿಂದ ರಾಜ್ಯದಲ್ಲಿದೆ. ಅಧಿಸೂಚಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಕೊರೆಯುವಂತಿಲ್ಲ, ಹಳೆಯ ಬೋರುಗಳೂ ನೋಂದಣಿಯಾಗಬೇಕು, ಕೊರೆಯುವ ಯಂತ್ರದವರೂ ನೋಂದಾಯಿಸಿಕೊಳ್ಳಬೇಕು, ಜಿಲ್ಲಾ ಸಮಿತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ತಮಿಳುನಾಡಿನ ತಿರುಚೆಂಗೋಡಿನಿಂದ ಬೋರು ಕೊರೆಯುವ ರಿಗ್ ಲಾರಿ ರಾತ್ರಿ ಊರಿಗೆ ಬಂದು ಬೆಳಗಿನ ಹೊತ್ತಿಗೆ ಸಾವಿರ ಅಡಿ ಮುಗಿಸಿ ಹೊರಡುತ್ತದೆ. ಅದರ ಸದ್ದು ಮೂರು ಊರಿಗೆ ಕೇಳಿಸುತ್ತದೆ, ಕಚೇರಿಗೆ ಕೇಳಿಸುವುದಿಲ್ಲ. ಅನುಮತಿಯ ಕಾಗದವನ್ನು ಇನ್ನೊಂದು ಲಂಚದ ಬಾಗಿಲಾಗಿ ಮಾಡಬೇಡಿ ಎಂದೂ ಕೈಮುಗಿದು ಕೇಳುತ್ತೇನೆ. ಬರೀ ಪೊಲೀಸ್‌ಗಿರಿಯಿಂದ ಇದು ನಿಲ್ಲುವುದಿಲ್ಲ.

ನಿಲ್ಲಿಸಿದವರು ನಮ್ಮ ಪಕ್ಕದಲ್ಲೇ ಇದ್ದಾರೆ. ಎರಡು ಸಾವಿರದ ಇಸವಿಯ ನಂತರದ ವರ್ಷಗಳಲ್ಲಿ ಆಂಧ್ರದ ಏಳು ಬರಪೀಡಿತ ಜಿಲ್ಲೆಗಳಲ್ಲಿ ರೈತರೇ ಅಂತರ್ಜಲ ಅಳೆಯುವ ಒಂದು ಯೋಜನೆ ನಡೆಯಿತು. ಅನಂತಪುರ, ಚಿತ್ತೂರು ಅದರಲ್ಲಿದ್ದವು. ಚಿತ್ತೂರು ನಮಗೆ ಬೇರೆ ದೇಶವಲ್ಲ, ನಮ್ಮ ಅರ್ಧ ನೆಂಟಸ್ತಿಕೆ ಅಲ್ಲೇ ಇದೆ. ಹಳ್ಳಿಯ ಹೆಂಗಸರು ಗಂಡಸರು ಮಳೆಮಾಪಕ ನೋಡಿ ಬರೆದಿಟ್ಟರು, ಬೋರಿಗೆ ಟೇಪು ಇಳಿಸಿ ನೀರಿನ ಮಟ್ಟ ಅಳೆದರು, ಹಿಂಗಾರಿನ ಮೊದಲು ಎಲ್ಲರೂ ಸೇರಿ ಇಷ್ಟು ನೀರಿಗೆ ಯಾವ ಬೆಳೆ ಎಂದು ಲೆಕ್ಕ ಹಾಕಿದರು. ಯಾರ ಮೋಟರಿಗೂ ಬೀಗ ಹಾಕಲಿಲ್ಲ. ಲೆಕ್ಕ ಗೋಡೆಯ ಮೇಲೆ ಕಂಡ ಮೇಲೆ ಎಷ್ಟೋ ರೈತರು ತಾವಾಗಿಯೇ ಬೆಳೆ ಬದಲಿಸಿದರು. ಮಹಾರಾಷ್ಟ್ರದ ಹಿವ್ರೆ ಬಜಾರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬೇಸಾಯಕ್ಕೆ ಬೋರು ಕೊರೆಸುವುದನ್ನೇ ನಿಲ್ಲಿಸಿತು. ಅದು ನಮಗೆ ಒಮ್ಮೆಗೇ ಆಗದ ಮಾತು, ಚಿತ್ತೂರಿನದು ಆಗುತ್ತದೆ.

ಕೇಂದ್ರದ ಅಟಲ್ ಭೂಜಲ ಯೋಜನೆ 2019ರ ಡಿಸೆಂಬರ್‌ನಲ್ಲಿ ಶುರುವಾಯಿತು, ಕರ್ನಾಟಕವೂ ಅದರಲ್ಲಿತ್ತು, ಪಂಚಾಯಿತಿವಾರು ನೀರಿನ ಆಯವ್ಯಯ ಮಾಡಬೇಕು ಎಂಬುದೇ ಅದರ ತಿರುಳು. ಹಾಗಾಗಿ ನಾನು ಕೇಳುತ್ತಿರುವುದು ಸರ್ಕಾರಕ್ಕೆ ಹೊಸದಲ್ಲ. ಆದರೆ ಫೈಲಿನಲ್ಲಿರುವ ಆಯವ್ಯಯ ಗೋಡೆಗೆ ಬರಬೇಕು, ಗೋಡೆಯಿಂದ ಗ್ರಾಮಸಭೆಗೆ ಬರಬೇಕು. ವರ್ಷಕ್ಕೊಮ್ಮೆ, ಅಕ್ಟೋಬರ್ ಕೊನೆಯಲ್ಲಿ, ಬೇಸಿಗೆ ಟೊಮೆಟೊಗೆ ನರ್ಸರಿಯಲ್ಲಿ ಸಸಿ ಬುಕ್ ಮಾಡುವ ಮೊದಲು, ಪ್ರತಿ ಪಂಚಾಯಿತಿಯಲ್ಲೂ ಮೂರು ಅಂಕಿ ಓದಲಿ: ಈ ವರ್ಷ ಎಷ್ಟು ಮಳೆ ಬಿತ್ತು, ವೀಕ್ಷಣಾ ಬಾವಿಯಲ್ಲಿ ನೀರು ಹೋದ ವರ್ಷಕ್ಕಿಂತ ಎಷ್ಟು ಏರಿದೆ ಅಥವಾ ಇಳಿದಿದೆ, ಇರುವ ಬೋರುಗಳೆಷ್ಟು. ಓದುವವನು ನೀರುಗಂಟಿಯಾಗಿರಲಿ, ಅವನಿಗೆ ಗೌರವಧನ ಕೊಟ್ಟು ಟೇಪು ಕೊಡಿ. ಅವನ ಮನೆಯ ಮಗಳು ಓದಿದ್ದರೆ ಅವಳೇ ಮಾಡಲಿ, ಇನ್ನೂ ಒಳ್ಳೆಯದು.

ಉಚಿತ ಕರೆಂಟಿನ ಮಾತು ಬರದೆ ಇರುವುದಿಲ್ಲ. 2008ರಿಂದ ಹತ್ತು ಎಚ್‌ಪಿಯವರೆಗೆ ಬಿಲ್ ಇಲ್ಲ. ಕಿತ್ತುಕೊಳ್ಳಿ ಎಂದು ನಾನು ಹೇಳಿದರೆ ನಾಳೆ ಸಂಜೆ ನನ್ನ ಮನೆ ಮುಂದೆ ಜನ ಇರುತ್ತಾರೆ. ಪಂಜಾಬಿನಲ್ಲಿ 2018ರಲ್ಲಿ ಬೇರೆ ದಾರಿ ಹಿಡಿದರು: ಪಂಪ್‌ಸೆಟ್ಟಿಗೆ ಒಂದು ಕೋಟಾ, ಅದಕ್ಕಿಂತ ಕಡಿಮೆ ಕರೆಂಟು ಬಳಸಿದರೆ ಉಳಿದ ಯೂನಿಟ್ಟಿಗೆ ನಾಲ್ಕು ರೂಪಾಯಿಯಂತೆ ರೈತನ ಖಾತೆಗೆ ಹಣ. ಉಳಿಸಿದವನಿಗೆ ಏನಾದರೂ ಸಿಗುತ್ತದೆ ಎಂದಾಗ ಮಾತ್ರ ಏಳು ಗಂಟೆಯ ಕರೆಂಟಿನಲ್ಲಿ ಎರಡು ಗಂಟೆ ಆಫ್ ಮಾಡುವ ಮನಸ್ಸು ಬರುತ್ತದೆ. ಒಂದು ಹೋಬಳಿಯಲ್ಲಾದರೂ ಪ್ರಯತ್ನಿಸಿ ನೋಡಿ, ನಮ್ಮ ಹೋಬಳಿಯನ್ನೇ ತೆಗೆದುಕೊಳ್ಳಿ.

ಹೊರಗಿನ ನೀರನ್ನೇ ನಂಬಿ ಕೂರಬಾರದು ಎಂಬುದಕ್ಕೆ ಇನ್ನೂ ಒಂದು ಕಾರಣವಿದೆ. ನಮ್ಮ ಕೆರೆಗೆ ಬರುವ ಕೆ.ಸಿ. ವ್ಯಾಲಿ ನೀರು ಹುಟ್ಟುವುದು ಬೆಂಗಳೂರಿನ ಬಚ್ಚಲಲ್ಲಿ. ಬೆಂಗಳೂರಿಗೆ ಅದರಲ್ಲಿ ದೊಡ್ಡ ಪಾಲು ಬರುವುದು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ, ಸುಮಾರು ನೂರು ಕಿಲೋಮೀಟರ್ ದೂರ ಪಂಪು ಮಾಡಿದ ಕಾವೇರಿಯಾಗಿ. ಅಲ್ಲಿ ಒಮ್ಮೆ ಎತ್ತಿ, ಇಲ್ಲಿಗೆ ಇನ್ನೊಮ್ಮೆ ಎತ್ತಿ, ಎರಡು ಸಲ ಕರೆಂಟು ಸುಟ್ಟ ನೀರು ಇದು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲೇ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಅವರ ನಲ್ಲಿ ಬತ್ತಿದರೆ ಅವರ ಬಚ್ಚಲೂ ಬತ್ತುತ್ತದೆ, ನಮ್ಮ ಕೆರೆಯೂ. ಈಗ ಅಲ್ಲಿನ ಅಪಾರ್ಟ್‌ಮೆಂಟಿನವರೂ ಬಳಸಿದ ನೀರನ್ನು ಮತ್ತೆ ಬಳಸಲು ಕಲಿಯುತ್ತಿದ್ದಾರೆ. ಕಲಿಯಬೇಕಾದದ್ದೇ, ಬೇಡ ಎನ್ನಲು ನಮಗೆ ಯಾವ ಹಕ್ಕೂ ಇಲ್ಲ.

ಈ ಪತ್ರಕ್ಕೆ ಪತ್ರಿಕಾ ಹೇಳಿಕೆಯ ಉತ್ತರ ಬೇಕಿಲ್ಲ. ಜಿಲ್ಲಾಧಿಕಾರಿಗಳಿಂದ ಎಲ್ಲ ಪಿಡಿಒಗಳಿಗೆ ಒಂದು ಸುತ್ತೋಲೆ ಹೋಗಿ, ಬರುವ ಅಕ್ಟೋಬರ್‌ನ ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಆ ಮೂರು ಅಂಕಿಗಳು ದಾಖಲಾಗಿದ್ದರೆ ಉತ್ತರ ತಲುಪಿತು ಎಂದುಕೊಳ್ಳುತ್ತೇನೆ. ನಮ್ಮೂರಿನ ಬೋರುಗಳ ಪಟ್ಟಿಯನ್ನು, ಬತ್ತಿದವನ್ನೂ ಸೇರಿಸಿ, ನಾವೇ ಬರೆದು ಪಂಚಾಯಿತಿಗೆ ಕೊಡಲು ಸಿದ್ಧರಿದ್ದೇವೆ. ಅದರಲ್ಲಿ ಮೊದಲನೆಯದು ನನ್ನದೇ ಬೋರು.

ಇಂತಿ,
ಮುಳಬಾಗಿಲು ತಾಲ್ಲೂಕಿನ ಒಬ್ಬ ರೈತ